ಬೆಂಕಿ ಬಿದ್ದ ಬನಕ್ಕೆ ತಂಪೆರೆಯುವುದು: ಊರೊಟ್ಟಿನ ವಿಧಿ, ಹಂತ ಹಂತವಾಗಿ

ಕಾಡ್ಗಿಚ್ಚು ಆರಿದ ವಾರದೊಳಗೆ ಊರಲ್ಲಿ ಏಳುವ ಮೊದಲ ಮಾತು ‘ಒಂದು ಹೋಮ ಮಾಡಿಸಿಬಿಡೋಣ’ ಎಂಬುದು. ಬೇಡ. ಸುಟ್ಟ ಗುಡ್ಡದ ಅಂಚಿನಲ್ಲಿ ಉಳಿದ ದರಗು (ಉದುರಿದ ಎಲೆ) ಮೊದಲಿಗಿಂತ ಗರಿಗರಿಯಾಗಿರುತ್ತದೆ, ಕುಂಟೆಗಳ (ಕಡಿದುಳಿದ ಮರದ ಮೋಟುಗಳ) ಬೇರಿನೊಳಗೆ ಕೆಂಡ ಹೊಗೆಯಿಲ್ಲದೆ ದಿನಗಟ್ಟಲೆ ಕೂತಿರುತ್ತದೆ, ಮಧ್ಯಾಹ್ನದ ಗಾಳಿಗೆ ಒಂದು ಕಿಡಿ ಸಾಕು. ಇಲ್ಲಿ ಹೇಳುವ ವಿಧಿಯಲ್ಲಿ ಕರ್ಪೂರ, ಊದಿನಕಡ್ಡಿ, ದೀಪ ಯಾವುದೂ ಇಲ್ಲ.

ಇದು ಯಾವ ಆಗಮದ ಪುಸ್ತಕದಲ್ಲೂ ಇರುವ ಪೂಜೆಯಲ್ಲ. ಮಲೆನಾಡಿನ ಊರುಗಳು ಬಿಡಿಬಿಡಿಯಾಗಿ ಮಾಡುತ್ತಲೇ ಬಂದಿರುವುದನ್ನು, ಅಂದರೆ ಕಾವಲು ದೇವತೆ ಚೌಡಿಗೆ ತಂಪು ಎರೆಯುವುದು, ನಾಗನಿಗೆ ತನು (ಹಾಲು, ನೀರು) ಎರೆಯುವುದು, ತಪ್ಪುಕಾಣಿಕೆ, ಭೂಮಿ ಹುಣ್ಣಿಮೆಗೆ ನೆಲಕ್ಕೆ ಬೀರುವ ಅನ್ನದ ಚರಗ ಇವನ್ನು, ಸುಟ್ಟ ನೆಲದ ಕೆಲಸಕ್ಕೆ ಹೊಂದಿಸಿ ಕಟ್ಟಿದ್ದು. ಮಣ್ಣು, ಗಾಳಿ, ಬೆಂಕಿ, ನೀರನ್ನು ನಾಲ್ಕು ದಿಕ್ಕಿಗೆ ನಿಂತು ಕರೆಯುವುದು ಪಶ್ಚಿಮದ ಪೇಗನ್ ಗುಂಪುಗಳ ಪದ್ಧತಿ. ಅದನ್ನು ಇಲ್ಲಿಗೆ ಹೊತ್ತು ತರುವ ಅಗತ್ಯವಿಲ್ಲ. ನಾವು ಕರೆಯಬೇಕಾದವರು ಬನದ, ಅಂದರೆ ದೇವರಿಗೆಂದು ಬಿಟ್ಟ ಕಾಡಿನ, ಕಲ್ಲಿನಲ್ಲಿ ಆಗಲೇ ಕೂತಿದ್ದಾರೆ. ನಿಮ್ಮೂರಿನ ಪೂಜಾರಿ ಮಂತ್ರ, ಎಡೆ, ವಾರ ಯಾವುದನ್ನು ಬೇಕಾದರೂ ಬದಲಿಸಿಕೊಳ್ಳಲಿ. ಮೂರನ್ನು ಮಾತ್ರ ಬಿಡಬಾರದು: ಬೆಂಕಿ ಹಚ್ಚದಿರುವುದು, ಪ್ರತಿ ಮನೆಯ ನೀರು ಬರುವುದು, ಕೊನೆಗೆ ಬನಕ್ಕೆ ಕಟ್ಟು (ಮೇವು, ಸೊಪ್ಪು, ಸೌದೆ ನಿಲ್ಲಿಸುವ ಊರ ನಿರ್ಬಂಧ) ಹಾಕುವುದು. ಕಟ್ಟು ಹಾಕದ ಪೂಜೆಯಿಂದ ನೆಲಕ್ಕೆ ಏನೂ ಸಿಗುವುದಿಲ್ಲ.

ಯಾವಾಗ

ವಿಧಿ ಮೂರು ಸಲ ನಡೆಯುತ್ತದೆ. ತಂಪು ಎರೆಯುವುದು ಬೆಂಕಿ ಪೂರ್ತಿ ಆರಿದ ಮೇಲೆ, ಮಳೆಗೆ ಮುಂಚೆ. ಬಿತ್ತು ಹಾಕುವುದು ರೋಹಿಣಿ ಅಥವಾ ಮೃಗಶಿರ ಮಳೆಯಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ 20ರ ಆಸುಪಾಸಿನವರೆಗೆ. ಚರಗ ಚೆಲ್ಲುವುದು ಆಶ್ವಯುಜದ ಭೂಮಿ ಹುಣ್ಣಿಮೆಗೆ. ಮಲೆನಾಡಿನ ಬೆಂಕಿ ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬೀಳುವುದರಿಂದ ತಂಪಿಗೆ ಸಮಯವಿರುತ್ತದೆ, ಆದರೆ ಮುಂದೂಡುತ್ತ ಹೋದರೆ ಭರಣಿಯ ಗುಡುಗು ಮಳೆ ಮೊದಲು ಬಂದು ಬೂದಿಯನ್ನೆಲ್ಲ ಹಳ್ಳಕ್ಕೆ ಇಳಿಸುತ್ತದೆ.

ಹೊಗೆ ನಿಂತು ಕನಿಷ್ಠ 7 ದಿನ ಕಳೆದಿರಬೇಕು. ಹಿಂದಿನ ದಿನ ಇಬ್ಬರು ಹೋಗಿ ಕುಂಟೆ, ಟೊಳ್ಳು ಮರದ ಬುಡ, ಬಿದ್ದ ದಿಮ್ಮಿಗಳ ಹತ್ತಿರ ಅಂಗೈ ಹಿಂಭಾಗವನ್ನು ಮುಟ್ಟಿಸದೆ ಹಿಡಿದು ನೋಡಬೇಕು. ಬಿಸಿ ತಾಗಿದರೆ ಮಣ್ಣು ಕೆದಕಿ ನೀರು ಹೊಯ್ದು ದಿನ ಮುಂದಕ್ಕೆ ಹಾಕಿ. ಬುಡ ಸುಟ್ಟು ನಿಂತಿರುವ ಮರಗಳು ಗಾಳಿ ಇಲ್ಲದಿದ್ದರೂ ಬೀಳುತ್ತವೆ. ಮರ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರದಲ್ಲಿ ದಾರಿ ಇರಲಿ. ಹೊತ್ತು ಬೆಳಗ್ಗೆ 7ರಿಂದ 10. ಬೆಂಕಿಯಲ್ಲಿ ಯಾರಾದರೂ ಜೀವ ಕಳೆದುಕೊಂಡಿದ್ದರೆ ಆ ಮನೆಯ ಕಾರ್ಯ ಮುಗಿಯುವವರೆಗೆ ಊರಿನ ವಿಧಿ ಕಾಯಬೇಕು.

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಉಣುಗಿನಿಂದ (ಉಣ್ಣೆಯಿಂದ) ಬರುತ್ತದೆ, ಉಣುಗು ಸುಡದೆ ಉಳಿದ ಅಂಚಿನ ದರಗಿನಲ್ಲಿ ಇದ್ದೇ ಇರುತ್ತದೆ. ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ನೆಲದ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ವಿಧಿ ಮುಂದೂಡಿ. ಹೋಗಿಬಂದ ಮೇಲೆ ಎಂಟು ಹತ್ತು ದಿನದೊಳಗೆ ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ವೈದ್ಯರಿಗೆ ಹೇಳಲೇಬೇಕು.

ಯಾರನ್ನು ಕೇಳಬೇಕು

ಬನ ಮೀಸಲು ಅರಣ್ಯದೊಳಗಿದ್ದರೆ ವಲಯ ಅರಣ್ಯಾಧಿಕಾರಿಗೆ ಮುಂಚೆಯೇ ಬರೆದುಕೊಡಿ: ಎಷ್ಟು ಜನ, ಯಾವ ದಿನ, ಬೆಂಕಿ ಬಳಸುವುದಿಲ್ಲ ಎಂಬ ಒಂದು ಸಾಲು. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆ ನಡೆಯುವುದರಿಂದ ಒಂದು ಕಡ್ಡಿ ಅಲುಗಿಸಲೂ ಅನುಮತಿ ಬೇಕು. ಅಂಥಲ್ಲಿ ಪೂಜೆಯನ್ನು ಗಡಿಯ ಹೊರಗೇ ಮುಗಿಸಿ, ನೆಲದ ಕೆಲಸ ಇಲಾಖೆಗೆ ಬಿಡುವುದು ಲೇಸು. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಹಾಡಿ (ಊರ ಪಕ್ಕದ ಕಾಡು), ಊರ ಕಾನಿನ (ನಿತ್ಯಹಸಿರು ಕಾಡಿನ) ಅಂಚು ಆದರೆ ಗ್ರಾಮ ಅರಣ್ಯ ಸಮಿತಿಯನ್ನೂ ಬೆಟ್ಟದ ಹಕ್ಕಿನ ಮನೆಗಳನ್ನೂ ಕೂರಿಸಿ ಮಾತಾಡಬೇಕು.

ಇದಕ್ಕಿಂತ ಕಷ್ಟದ್ದು ಊರೊಳಗಿನ ಮಾತು. ನಮ್ಮ ಕಡೆಯ ಬೆಂಕಿ ಆಕಾಶದಿಂದ ಬೀಳುವುದು ಅಪರೂಪ. ಹೊಸ ಹುಲ್ಲಿಗೆಂದು, ಬೇಲಿ ಚೊಕ್ಕ ಮಾಡಲೆಂದು, ಜೇನಿಗೆಂದು, ಬೇಟೆಗೆಂದು ಯಾರೋ ಹಚ್ಚಿರುತ್ತಾರೆ, ಅಥವಾ ಬೀಡಿ ಎಸೆದಿರುತ್ತಾರೆ. ಯಾರೆಂದು ಊರಿಗೆ ಅರ್ಧಂಬರ್ಧ ಗೊತ್ತೂ ಇರುತ್ತದೆ. ಆ ವಿಚಾರಣೆ ಇಲಾಖೆಯದು, ಪಂಚಾಯಿತಿಯದು. ಬನದ ಮುಂದೆ ಹೆಸರು ಎತ್ತಕೂಡದು ಎಂದು ಯಜಮಾನರು ಮೊದಲೇ ಹೇಳಿಬಿಡಬೇಕು. ಪಾತ್ರಿಯ ಮೈಮೇಲೆ ಬರುವ ಊರುಗಳಲ್ಲಿ ಇದನ್ನು ಪಾತ್ರಿಗೂ ಹೇಳಿಡುವುದು ಒಳ್ಳೆಯದು. ಒಂದು ಸಲ ದೇವರ ಬಾಯಿಂದ ಹೆಸರು ಬಂದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿಯೇ ಇಲ್ಲ, ಆ ಮನೆ ಮುಂದಿನ ವರ್ಷ ಬೆಂಕಿ ಆರಿಸಲು ಬರುವುದೂ ಇಲ್ಲ.

ಎಲ್ಲ ಕೇರಿಗೂ ಕರೆ ಹೋಗಲಿ. ತೋಟದ ಪೈಪು, ಹುಲ್ಲಿನ ಬಣವೆ, ಅಡಿಕೆ ಮರ ಸುಟ್ಟುಕೊಂಡವರ ಪಟ್ಟಿಯನ್ನು ಹಿಂದಿನ ಸಂಜೆಯೇ ಬರೆದು ಓದಿಬಿಡಿ. ನಷ್ಟವನ್ನು ಯಾರೂ ಕೇಳಿಸಿಕೊಂಡಿಲ್ಲ ಎಂಬ ಬೇಸರ ಹೊತ್ತು ಬಂದವರ ಕೈ ಮರುದಿನ ಕೆಲಸಕ್ಕೆ ಬಗ್ಗುವುದಿಲ್ಲ.

ನೆಲ ಓದುವುದು

ಪೂಜೆಗೆ ಜಾಗ ಗೊತ್ತು ಮಾಡುವ ಮೊದಲು ಸುಟ್ಟ ಜಾಗದ ಅಂಚಿನಲ್ಲಿ ಒಂದು ಸುತ್ತು ಬನ್ನಿ. ಬೂದಿ ಕಪ್ಪಗಿದ್ದು ಅರೆಬೆಂದ ಕಡ್ಡಿ ಕಾಣುತ್ತಿದ್ದರೆ ಬೆಂಕಿ ಬೇಗ ದಾಟಿ ಹೋಗಿದೆ, ಮಣ್ಣಿನೊಳಗಿನ ಬೇರು ಬದುಕಿದೆ. ಬೂದಿ ಬಿಳಿ ಅಥವಾ ಬೂದುಬಣ್ಣವಾಗಿ ಹಿಟ್ಟಿನಂತೆ ಕೂತಿದ್ದರೆ ಅಲ್ಲಿ ಬಹಳ ಹೊತ್ತು ಉರಿದಿದೆ. ನಿಮ್ಮ ಆರೈಕೆ ಹೆಚ್ಚು ಬೇಕಾದ್ದು ಎರಡನೆಯದಕ್ಕೆ. ಬೂದಿ ಸರಿಸಿ ಮಣ್ಣಿನ ಮೇಲೆ ನಾಲ್ಕು ಹನಿ ನೀರು ಬಿಡಿ, ಆಮೇಲೆ ಒಂದಿಂಚು ಕೆದಕಿ ಮತ್ತೆ ಬಿಡಿ. ಹನಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುತ್ತಿನಂತೆ ಕೂತಿದ್ದರೆ ಸುಟ್ಟ ಎಲೆಯ ಮೇಣ ಮಣ್ಣಿಗೆ ಇಳಿದು ನೀರನ್ನು ದೂಡುತ್ತಿದೆ. ಮೇಲೆ ಇಂಗಿ ಕೆಳಗೆ ಇಂಗದಿರುವುದೂ ಉಂಟು, ಅದಕ್ಕೇ ಎರಡು ಸಲ. ಇಂಥ ಜಾಗಗಳಿಗೆ ಕಲ್ಲಿಟ್ಟು ಗುರುತು ಮಾಡಿ. ತಂಪು ಎರೆಯಬೇಕಾದ ತಾಣ ಇವೇ.

ಮರ ಸತ್ತಿದೆಯೇ ಎಂದು ತಿಳಿಯಲು ಬುಡದ ತೊಗಟೆಯನ್ನು ಉಗುರಗಲ ಕೆರೆದು ನೋಡಿದರೆ ಸಾಕು. ಹಸಿರೋ ತೇವವೋ ಇದ್ದರೆ ಜೀವವಿದೆ. ಮತ್ತಿ, ಕೌಲು ದಪ್ಪ ತೊಗಟೆಯವು, ಕಪ್ಪಾಗಿ ನಿಂತಿದ್ದರೂ ಮಳೆಗೆ ಚಿಗುರುತ್ತವೆ. ನೆಲ್ಲಿಯೂ ಬುಡದಿಂದ ಏಳುತ್ತದೆ. ಕಾನಿನ ರಾಮಪತ್ರೆ, ಉಪ್ಪಾಗೆಯಂಥವು ತೆಳು ತೊಗಟೆಯವು. ಹಸಿರಾಗಿ ಕಂಡವು ಮುಂದಿನ ವರ್ಷ ಒಣಗಬಹುದು. ಆದ್ದರಿಂದ ಎರಡು ಮಳೆಗಾಲ ದಾಟುವವರೆಗೆ ಯಾವ ಮರವನ್ನೂ ಸತ್ತದ್ದೆಂದು ಕಡಿಯಬಾರದು. ‘ಹೇಗೂ ಸುಟ್ಟಿದೆ’ ಎನ್ನುತ್ತ ಬರುವ ಕೊಡಲಿಯಿಂದ ಬೆಂಕಿಯಷ್ಟೇ ನಷ್ಟ.

ಸಾಮಾನು

ನಲವತ್ತು ಮನೆಯ ಊರು, ಎಂಬತ್ತು ಜನ ಎಂದಿಟ್ಟುಕೊಂಡು ಲೆಕ್ಕ. ಪ್ರತಿ ಮನೆಯಿಂದ ಒಂದು ದೊಡ್ಡ ಚೊಂಬು, ಸುಮಾರು ಒಂದು ಲೀಟರ್, ಬಾವಿ ನೀರು. ಕ್ಲೋರಿನ್ ಬೆರೆತ ನಲ್ಲಿ ನೀರಾದರೆ ಹಿಂದಿನ ರಾತ್ರಿ ತೆರೆದ ಪಾತ್ರೆಯಲ್ಲಿಡಿ. ಎಳನೀರು 5. ಹಸಿ ಹಾಲು ಒಂದೇ ಲೀಟರ್, ಅದನ್ನು ಹತ್ತು ಲೀಟರ್ ನೀರಿಗೆ ಬೆರೆಸಬೇಕು. ಕೊಡಗಟ್ಟಲೆ ಹಾಲು ಸುರಿದರೆ ಹುಳಿತು ನಾರುತ್ತದೆ, ಇರುವೆ ಮುತ್ತುತ್ತದೆ. ಮನೆಯ ಅರಿಶಿನ ಕೊಂಬು ಕುಟ್ಟಿದ ಪುಡಿ 100 ಗ್ರಾಂ. ಸಿಂಗಾರ (ಅಡಿಕೆ ಹೂಗೊನೆ) 3, ವೀಳ್ಯದೆಲೆ ಅಡಿಕೆ ಮನೆಗೊಂದು ಜೊತೆ. ಊಟಕ್ಕೂ ಹಾಸಲಿಕ್ಕೂ ಅಡಿಕೆ ಹಾಳೆ ಬೇಕಾದಷ್ಟು. ಪ್ರಸಾದಕ್ಕೆ ತೆಳು ಅವಲಕ್ಕಿ 5 ಕಿಲೋ, ಬೆಲ್ಲ ಎರಡೂವರೆ ಕಿಲೋ, ತೆಂಗಿನಕಾಯಿ 12. ಒಲೆ ಬೇಡ, ಬೆಲ್ಲ ತುರಿದು ಕಾಯಿಯೊಡನೆ ಕಿವುಚಿ ಅವಲಕ್ಕಿ ಕಲೆಸಿದರೆ ಆಯಿತು. ಕುಡಿಯಲು ಮಜ್ಜಿಗೆ.

ಆರತಿಗೆ ದೀಪದ ಬದಲು ಓಕುಳಿ ನೀರು: ಒಂದು ಲೀಟರ್ ನೀರಿಗೆ ಎರಡು ಚಮಚ ಅರಿಶಿನ, ಕಡಲೆಕಾಳಿನಷ್ಟು ಎಲೆಸುಣ್ಣ. ಕೆಂಪಾಗುತ್ತದೆ. ಸುಣ್ಣ ಹೆಚ್ಚು ಹಾಕಬೇಡಿ, ಬೂದಿ ಬಿದ್ದ ಮಣ್ಣಿನಲ್ಲಿ ಕ್ಷಾರ ಮೊದಲೇ ಜಾಸ್ತಿ. ಬನದ ಭೂತಕ್ಕೆ ಕೋಳಿ ಬೇಕೆನ್ನುವ ಊರುಗಳು ಬೂದುಗುಂಬಳಕ್ಕೆ ಒಪ್ಪಿಸಿಕೊಳ್ಳಲಿ. ದೇವಸ್ಥಾನದ ಆವರಣದಲ್ಲಿ ಬಲಿಯನ್ನು ತಡೆಯುವ ಕಾಯ್ದೆ 1959ರಿಂದಲೇ ಇದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಹೆಡಿಗೆ ಕಾಡುಮಣ್ಣು, ಹತ್ತು ಕಿಲೋ ಮೀರದಂತೆ. ಹತ್ತಿರದ ಸುಡದ ಕಾನಿನಲ್ಲಿ, ಸುಟ್ಟ ಜಾಗದಲ್ಲಿರುವ ಜಾತಿಯದೇ ಮರಗಳ ಬುಡದಿಂದ, ಐದಾರು ಕಡೆ, ಮೇಲಿನ ಎರಡಿಂಚು ಮಾತ್ರ ತೆಗೆಯಬೇಕು. ಬೇರಿನೊಡನೆ ಬದುಕುವ ಶಿಲೀಂಧ್ರ, ಸೂಕ್ಷ್ಮಜೀವಿಗಳು ಈ ಮಣ್ಣಿನಲ್ಲಿ ಬರುತ್ತವೆ. ಬಿಳಿ ಬೂದಿಯ ಜಾಗದಲ್ಲಿ ಅವು ಸತ್ತಿರುತ್ತವೆ. ಅಕೇಶಿಯಾ ನೆಡುತೋಪಿನ ಮಣ್ಣು, ಲಂಟಾನಾ ಇಲ್ಲವೇ ಯುಪಟೋರಿಯಂ ಪೊದೆಯ ಅಡಿಯ ಮಣ್ಣು ತಂದರೆ ಕಳೆಬೀಜವನ್ನೇ ಬಿತ್ತಿದಂತೆ. ಅಡಿಕೆ ತೋಟದ ಮಣ್ಣೂ ಬೇಡ, ಕೊಳೆರೋಗದ ರೋಗಾಣು ಅದರಲ್ಲಿರಬಹುದು. ಹಿಂದಿನ ಸಂಜೆ ತಂದು ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಡಿ. ಬಿಸಿಲಿಗೆ ಒಣಗಿದರೆ ಬರೀ ಮಣ್ಣು.

ತಂಪಿನ ದಿನ

ಸುಟ್ಟ ನೆಲ ತುಳಿದಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದ ಒಳಗೆ ಒಂದೇ ದಾರಿ, ಎರಡೂ ಬದಿಗೆ ಬಾಳೆಹಗ್ಗ, ಒಂದು ಸಲಕ್ಕೆ ಹತ್ತು ಜನ. ಬನಕ್ಕೆ ಬರಿಗಾಲಲ್ಲೇ ಹೋಗಬೇಕೆಂಬ ನಿಯಮವೂ ಕರಕಲು ಮುಳ್ಳೂ ಒಂದಕ್ಕೊಂದು ಹೊಂದುವುದಿಲ್ಲ. ಅಂಚಿನವರೆಗೆ ಚಪ್ಪಲಿ, ಅಲ್ಲಿಂದ ಕಟ್ಟೆಯವರೆಗೆ ಹಾಳೆ ಹಾಸಿ ಅದರ ಮೇಲೆ ಬರಿಗಾಲು ಎಂದು ಮಾಡಿದರೆ ಎರಡೂ ನಡೆಯುತ್ತದೆ. ಮೈಕು, ಡೊಳ್ಳು, ಪಟಾಕಿ ಬೇಡ. ಬೆಂಕಿಗೆ ಬೆದರಿದ ಪ್ರಾಣಿಗಳು ಸುಡದ ಅಂಚಿನಲ್ಲೇ ಅಡಗಿರುತ್ತವೆ, ಹೆಜ್ಜೇನು ಇದ್ದರೆ ಕೇಳುವುದೇ ಬೇಡ.

ಮೊದಲು ಗಡಿಕಲ್ಲಿಗೆ ನೀರು, ಆಮೇಲೆ ಚೌಡಿ ಅಥವಾ ಭೂತನ ಕಲ್ಲಿಗೆ ಎಳನೀರು, ಅರಿಶಿನ, ಸಿಂಗಾರ. ನಾಗನ ಕಲ್ಲಿದ್ದರೆ ಹಾಲು ಬೆರೆಸಿದ ನೀರು. ಹುತ್ತದ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬೇಡಿ. ಬೆಂಕಿಯಲ್ಲಿ ಬದುಕಿದ ಹಾವು, ಹಾವುರಾಣಿ, ಕಪ್ಪೆ ಅದರೊಳಗಿರುತ್ತವೆ. ಸುತ್ತ ಒಂದು ಗೆರೆ ಎರೆದರೆ ಸಾಕು. ನಂತರ ಹಿರಿಯರೊಬ್ಬರು ಊರ ಪರವಾಗಿ ಹೇಳಬೇಕು. ಮಾತು ನಿಮ್ಮದೇ ಇರಲಿ, ಧಾಟಿಗೆ ಒಂದು ಮಾದರಿ:

“ಅಮ್ಮಾ ಚೌಡಿ, ಬನದ ಭೂತಪ್ಪಾ, ಹುತ್ತದ ನಾಗಪ್ಪಾ. ಬೆಂಕಿ ನಮ್ಮ ಕಡೆಯಿಂದ ಬಂತು. ತಿಳಿದು ಆಯಿತೋ ತಿಳಿಯದೆ ಆಯಿತೋ, ಊರೊಟ್ಟಿನ ತಪ್ಪು. ಮರ ಹೋಯಿತು, ಮರಿ ಹೋಯಿತು, ಗೂಡು ಹೋಯಿತು. ಮನೆಮನೆಯ ನೀರು ತಂದಿದ್ದೇವೆ, ಕಾನಿನ ಮಣ್ಣು ತಂದಿದ್ದೇವೆ. ತಂಪಾಗು. ಭೂಮಿ ಹುಣ್ಣಿಮೆವರೆಗೆ ಕತ್ತಿ ತರುವುದಿಲ್ಲ, ದನ ಬಿಡುವುದಿಲ್ಲ.”

ಈಗ ತಪ್ಪುಕಾಣಿಕೆ. ಅರಿಶಿನ ಬಟ್ಟೆಯಲ್ಲಿ ಪ್ರತಿ ಮನೆಯೂ ಒಂದೇ ಒಂದು ರೂಪಾಯಿ ನಾಣ್ಯ ಹಾಕಿ ಗಂಟು ಕಟ್ಟಬೇಕು. ಹಚ್ಚಿದವನದೂ ಅದರಲ್ಲಿ ಬೀಳುತ್ತದೆ, ಆರಿಸಿದವನದೂ ಬೀಳುತ್ತದೆ. ಹೆಚ್ಚು ಹಾಕಲು ಯಾರಿಗೂ ಬಿಡಬೇಡಿ, ದುಡ್ಡು ಜಾಸ್ತಿ ಬಿದ್ದ ಕೂಡಲೇ ‘ಓಹೋ’ ಎಂಬ ಪಿಸುಮಾತು ಶುರುವಾಗುತ್ತದೆ.

ಆಮೇಲೆ ಮಣ್ಣು. ಒಂದು ಮನೆಗೆ ಒಂದು ತಾಣ. ಗುರುತಿನ ಕಲ್ಲಿನ ಹತ್ತಿರ ಎರಡು ಗೇಣಗಲ ಬೂದಿ ಸರಿಸಿ, ಅಗೆಯದೆ, ಮೇಲ್ಪದರವನ್ನು ಬೆರಳಿನಿಂದ ಒಂದಿಂಚು ಸಡಿಲಿಸಿ. ಅದಕ್ಕೆ ಒಂದು ಹಿಡಿ ಕಾಡುಮಣ್ಣು, ಮೇಲೆ ಮೂರು ಹಿಡಿ ಒಣ ದರಗು, ಅದರ ಮೇಲೆ ಚೊಂಬಿನ ನೀರನ್ನು ನಿಧಾನ, ಇಂಗಿದಂತೆ ಇಂಗಿದಂತೆ. ಒಂದೇ ಸಲ ಸುರಿದರೆ ಮಣ್ಣು ಕೊಚ್ಚಿಕೊಂಡು ಕೆಳಗೆ ಹೋಗುತ್ತದೆ. ಅವಸರದ ಕೈಗಳು ಕೆಡಿಸುವುದು ಇಲ್ಲೇ. ಮನೆಯ ಹೆಸರನ್ನೋ ಅಂಕಿಯನ್ನೋ ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆಯಿರಿ, ಮುಂದಿನ ಎರಡು ಸಲಕ್ಕೂ ಬೇಕು.

ಓಕುಳಿ ಎತ್ತಿ, ಕಟ್ಟು ಸಾರಿ ಹೊರಡಿ. ಕಟ್ಟೆಂದರೆ ಬನಕ್ಕೆ ಹೋಗುವ ಪ್ರತಿ ಕಾಲುದಾರಿಗೂ ಸೊಪ್ಪಿನ ತೋರಣ: ಮೇಯಿಸುವುದಿಲ್ಲ, ಸೊಪ್ಪು ಕೊಯ್ಯುವುದಿಲ್ಲ, ಸೌದೆ ಹೆಕ್ಕುವುದಿಲ್ಲ, ಜೇನು ಕೀಳುವುದಿಲ್ಲ. ದನಕ್ಕೆ ಬೇರೆ ಬೇಣ (ಹುಲ್ಲುಗಾವಲು) ತೋರಿಸದೆ ಕಟ್ಟು ಹಾಕಿದರೆ ಅದು ಹದಿನೈದು ದಿನದಲ್ಲಿ ಮುರಿಯುತ್ತದೆ, ಆ ಏರ್ಪಾಟು ಮೊದಲೇ ಆಗಿರಲಿ. ಪ್ರಸಾದ ಕಾಡಿನ ಹೊರಗೆ, ಮೊದಲ ಹಾಳೆ ಬೆಂಕಿ ಕಾವಲಿನ ವಾಚರುಗಳಿಗೆ. ಎಲೆ, ಕಾಯಿ ಚಿಪ್ಪು, ಒಡೆದ ಕುಂಬಳ ಎಲ್ಲ ಹಿಂದಕ್ಕೆ. ಬಿಟ್ಟುಬಂದರೆ ಹಂದಿ ಆ ರಾತ್ರಿಯೇ ನಲವತ್ತೂ ತಾಣ ಉತ್ತು ಹಾಕುತ್ತದೆ.

ಮಳೆಗೆ ಮುಂಚೆ ಅಡ್ಡ ಕಟ್ಟುವುದು

ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಬೀಳುವ ಮಳೆ ಬೆತ್ತಲೆ ಇಳಿಜಾರನ್ನು ಉಳಿಸುವುದಿಲ್ಲ. ಬಿದ್ದ ಕರಕಲು ಕೊಂಬೆಗಳನ್ನು ಸಮಪಾತಳಿಯಲ್ಲಿ ಅಡ್ಡ ಮಲಗಿಸಬೇಕು. ಸಮ ಹುಡುಕಲು ಆರಡಿಯ ಎರಡು ಕೋಲನ್ನು ಮೇಲೆ ಕಟ್ಟಿ, ನಡುವೆ ನಾಲ್ಕಡಿಯ ಅಡ್ಡಕೋಲು ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ದಾರ ಅಡ್ಡಕೋಲನ್ನು ಮುಟ್ಟಿದಲ್ಲಿ ಗುರುತು ಹಾಕಿ, ಕಾಲು ಅದಲುಬದಲು ಮಾಡಿ ಅದೇ ಎರಡು ಬಿಂದುಗಳ ಮೇಲಿಟ್ಟು ಇನ್ನೊಂದು ಗುರುತು ಹಾಕಿ. ಎರಡರ ನಡುವೆ ದಾರ ನಿಂತಾಗ ಕಾಲುಗಳು ಸಮದಲ್ಲಿವೆ.

ಕೊಂಬೆ ನೆಲಕ್ಕೆ ಪೂರ್ತಿ ತಾಗಿರಬೇಕು. ಸಂದಿ ಇದ್ದರೆ ಮಣ್ಣು, ದರಗು ತುರುಕಿ, ಕೆಳಬದಿಗೆ ಗೂಟ ಹೊಡೆಯಿರಿ. ಸಂದಿ ಬಿಟ್ಟ ಕೊಂಬೆ ಇಲ್ಲದ್ದಕ್ಕಿಂತ ಕೆಟ್ಟದ್ದು, ನೀರು ಅದರಡಿಯಲ್ಲಿ ರಭಸವಾಗಿ ನುಗ್ಗಿ ಹೊಸ ಕೊರಕಲು ತೆಗೆಯುತ್ತದೆ. ಕಡಿದಾದ ಕಡೆ ಸಾಲಿಗೆ ಸಾಲು 8–10 ಮೀಟರ್, ಇಳಿಜಾರು ಕಡಿಮೆಯಾದಂತೆ ದೂರ. ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಕೊಂಬೆಗೆ ಎದುರಾಗಲಿ. ಕೊರಕಲಿಗೆ ಕಲ್ಲಿನ ತಡೆ, ಎರಡಡಿ ಎತ್ತರ ಸಾಕು, ನಡುವೆ ಅರ್ಧ ಅಡಿ ತಗ್ಗಿಸಿ. ತಗ್ಗಿಸದಿದ್ದರೆ ನೀರು ಬದಿಯ ದರೆ ಕೊರೆದುಕೊಂಡು ಹೋಗುತ್ತದೆ. ಇಂಗುಗುಂಡಿ ತೋಡುವ ಉತ್ಸಾಹ ಇಲ್ಲಿ ಬೇಡವೇ ಬೇಡ. ಜಂಬಿಟ್ಟಿಗೆಯಡಿ ಶೇಡಿ (ನುಣುಪಾದ ಜೇಡಿ) ಮಣ್ಣಿರುವ ಕಡಿದಾದ ಗುಡ್ಡಕ್ಕೆ ನೀರು ತುಂಬಿಸಿದರೆ ಗುಡ್ಡವೇ ಜಾರಬಹುದು.

ಬಿತ್ತು

ಎರಡನೆಯ ಭೇಟಿಗೆ ಮನೆಗೊಬ್ಬರು ಬಂದರೆ ಸಾಕು. ಚಿಗುರು ಎದ್ದ ತಾಣಕ್ಕೆ ನೀರು, ಅರಿಶಿನ, ಅಷ್ಟೇ. ಅಲ್ಲಿ ಏನೂ ನೆಡಬೇಡಿ, ಹಳೆಯ ಬೇರಿನ ಚಿಗುರಿನಷ್ಟು ವೇಗವಾಗಿ ಯಾವ ನರ್ಸರಿ ಗಿಡವೂ ಬೆಳೆಯದು. ಬರಿದಾಗಿಯೇ ಉಳಿದ ತಾಣಕ್ಕೆ ಹಣ್ಣು ತಿಂದ ವಾರದೊಳಗಿನ ಹಲಸು, ನೇರಳೆ, ಕಾಟುಮಾವಿನ ಬೀಜ, ತಾಣಕ್ಕೆ ಮೂರು, ಬೀಜದ ದಪ್ಪದಷ್ಟೇ ಆಳ. ಈ ಬೀಜಗಳು ಒಣಗಿದರೆ ಸಾಯುತ್ತವೆ. ಬೇಸಿಗೆ ಬಿಸಿಲಲ್ಲಿ ಒಣಗಿಸಿ ಲಾರಿಯಿಂದ ಎಸೆಯುವ ಬೀಜದುಂಡೆಗಳಲ್ಲಿ ಹಲಸು ಮೊಳೆಯದಿರುವುದು ಇದಕ್ಕೇ. ಉಪ್ಪಾಗೆ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು, ಸತ್ತಿತೆಂದು ಕೆದಕಬೇಡಿ.

ಬೆಂಕಿಯ ಕಾವಿಗೆ ಗಟ್ಟಿ ಸಿಪ್ಪೆಯ ಅಕೇಶಿಯಾ ಬೀಜ ಎಚ್ಚರಗೊಂಡು ಒತ್ತೊತ್ತಾಗಿ ಹುಟ್ಟುತ್ತದೆ, ಬೆಳಕು ಬಿದ್ದಲ್ಲಿ ಯುಪಟೋರಿಯಂ ಬರುತ್ತದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಮಣ್ಣು ಒದ್ದೆಯಿರುವಾಗ ಎಳೆದರೆ ಬೇರು ಸಮೇತ ಬರುತ್ತವೆ. ಯುಪಟೋರಿಯಂ ಮಳೆಗಾಲ ಕಳೆದು ಹೂಬಿಟ್ಟ ಮೇಲೆ ಕಿತ್ತರೆ ಕೈಯಾರೆ ಬೀಜ ಹರಡಿದ ಹಾಗೆ. ಬನಕ್ಕೆ ಹಾಕಿದ ಕಟ್ಟಿನಿಂದ ಈ ಕೆಲಸಕ್ಕೊಂದೇ ವಿನಾಯಿತಿ.

ಚರಗ ಮತ್ತು ಬೆಂಕಿಗೆರೆ

ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಒಯ್ಯುವ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಿಂದಲೇ ಬನಕ್ಕೂ ಒಂದು ಹಿಡಿ ಚರಗ ಎತ್ತಿಡಿ. ಒಂದೇ ಹಿಡಿ, ಅನ್ನ ರಾಶಿ ಬಿದ್ದರೆ ಮತ್ತೆ ಹಂದಿ, ಮಂಗ. ಆ ದಿನ ನಲವತ್ತು ಕಲ್ಲನ್ನೂ ನೋಡಿ, ಎಲ್ಲಿ ಹಸಿರಿದೆ, ಎಲ್ಲಿ ಇಲ್ಲ, ಎಲ್ಲಿ ಮಣ್ಣು ಹೋಗಿದೆ ಎಂದು ಬರೆದುಕೊಳ್ಳಿ. ಅರ್ಧ ಹಸಿರಾಗಿದ್ದರೂ ಚೆನ್ನಾಗಿಯೇ ಆಗಿದೆ ಎಂದುಕೊಳ್ಳಬಹುದು. ಮೇವಿಗೆ ಕಟ್ಟು ಸಡಿಲಿಸಬೇಕೋ ಇನ್ನೊಂದು ವರ್ಷ ಎಳೆಯಬೇಕೋ ಎಂಬುದನ್ನು ಈ ಪಟ್ಟಿ ಮುಂದಿಟ್ಟುಕೊಂಡು ಊರೊಟ್ಟು ತೀರ್ಮಾನಿಸಲಿ. ಸೌದೆಗೂ ಮರಕ್ಕೂ ಎರಡನೆಯ ಮಳೆಗಾಲದ ತನಕ ಸಡಿಲಿಕೆ ಇಲ್ಲ.

ತಪ್ಪುಕಾಣಿಕೆಯ ಗಂಟು ಬಿಚ್ಚುವುದು ಸಂಕ್ರಾಂತಿಯ ಹೊತ್ತಿಗೆ, ಬನದ ಸುತ್ತ ಬೆಂಕಿಗೆರೆ ಮಾಡುವ ದಿನ. ಹತ್ತಡಿ ಅಗಲ ದರಗು ಗುಡಿಸಿ ನೆಲ ಕಾಣಿಸಬೇಕು. ಗುಡಿಸಿದ ದರಗಿಗೆ ಅಲ್ಲೇ ಕಡ್ಡಿ ಗೀರುವ ಅಭ್ಯಾಸದಿಂದ ಗುಡ್ಡಕ್ಕೆ ಬೆಂಕಿ ಹತ್ತಿದ್ದು ಎಷ್ಟೋ ಸಲ. ಹೆಡಿಗೆಗೆ ತುಂಬಿ ಕೊಟ್ಟಿಗೆಗೆ ಹೊರಿ, ಗೊಬ್ಬರಕ್ಕಾಗುತ್ತದೆ. ಫೆಬ್ರವರಿಯ ಎಲೆ ಉದುರಿದ ಮೇಲೆ ಗೆರೆಯನ್ನು ಇನ್ನೊಮ್ಮೆ ಗುಡಿಸಬೇಕಾಗುತ್ತದೆ. ಗಂಟಿನ ನಲವತ್ತು ರೂಪಾಯಿಗೆ ಆ ದಿನ ಬಂದವರಿಗೆ ಬೆಲ್ಲ ತನ್ನಿ.